ಜೋಳದ ಸುಳಿಯಲ್ಲಿ ಹುಳು, ಹುಳುವಿನ ಬೆನ್ನಿಗೆ ಕಣಜ

ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಸಿಕ್ಕಿದ್ದು 2018ರ ಮುಂಗಾರಿನ ಹೊತ್ತಿಗೆ, ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿ. ಆ ವರ್ಷ ಜುಲೈ, ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ಚಿಕ್ಕಬಳ್ಳಾಪುರ, ಹಾಸನ, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹೊಲಗಳನ್ನು ಸಮೀಕ್ಷೆ ಮಾಡಿದರು. ಹುಳುವಿನ ಬಾಧೆ ಶೇ 9ರಿಂದ ಶೇ 62.5ರವರೆಗೆ ಇತ್ತು. ಐದು ಜಿಲ್ಲೆಗಳ ಪೈಕಿ ಅತಿ ಹೆಚ್ಚು ಕಂಡದ್ದು ಹಾಸನದಲ್ಲಿ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಇಷ್ಟೇ. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ದಾಖಲಾಗಿತ್ತು. ಹೊಲದಲ್ಲಿ ಸಿಕ್ಕ ಮೊಟ್ಟೆಗಳಲ್ಲಿ, ಮರಿಹುಳುಗಳಲ್ಲಿ ಕೆಲವು ಪತಂಗವಾಗಲೇ ಇಲ್ಲ. ಅವುಗಳಿಂದ ಹೊರಬಂದದ್ದು ಕಣಜಗಳು. ಎರಡು ಜಾತಿಯವು ಮೊಟ್ಟೆಯ ಹಂತದಲ್ಲೇ ಹುಳುವನ್ನು ಮುಗಿಸುವಂಥವು, ಉಳಿದವು ಮರಿಹುಳುವಿನ ಒಡಲಲ್ಲಿ ಬೆಳೆಯುವಂಥವು. ಅವುಗಳಲ್ಲಿ ಗ್ಲಿಪ್ಟಪ್ಯಾಂಟಿಲಿಸ್ ಕ್ರಿಯಾಟೊನೋಟಿ ಎಂಬ ಕಣಜ ಈ ಸೈನಿಕ ಹುಳುವಿನ ಮೇಲೆ ಕಂಡದ್ದು ಜಗತ್ತಿನಲ್ಲೇ ಅದು ಮೊದಲ ಸಲ.

ಪರದೇಶದ ಹುಳುವೊಂದು ಬಂದಿಳಿದ ಮೊದಲ ಮಳೆಗಾಲದಲ್ಲೇ ಊರಿನ ಕಣಜಗಳು ಅದಕ್ಕೆ ಗಂಟುಬಿದ್ದದ್ದು ಆಕಸ್ಮಿಕವಲ್ಲ. ಫಾಲ್ ಸೈನಿಕ ಹುಳು ಹೊಸದು, ಆದರೆ ಅದರ ದಾಯಾದಿಗಳು ಇಲ್ಲಿ ಹಳಬರು. ತಂಬಾಕಿನ ಮಡಿಗಳನ್ನು ಬೋಳಿಸುವ ಸ್ಪೊಡಾಪ್ಟೆರಾ ಲಿಟುರಾ, ರಾಗಿ ಹೊಲಕ್ಕೆ ಒಮ್ಮೊಮ್ಮೆ ಹಿಂಡುಹಿಂಡಾಗಿ ನುಗ್ಗುವ ದೇಸಿ ಸೈನಿಕ ಹುಳು, ಅವರೆ–ತೊಗರಿಯ ಕಾಯಿಕೊರಕ, ಇವೆಲ್ಲ ಒಂದೇ ಕುಟುಂಬದ ಪತಂಗಗಳ ಮರಿಗಳು. ಇವುಗಳ ಮೇಲೆ ಬದುಕುತ್ತಿದ್ದ ಕಣಜಗಳಿಗೆ ಹೊಸ ಹುಳು ಇನ್ನೊಂದು ಆಹಾರವಾಯಿತು, ಅಷ್ಟೆ. ಹಾಗೆಂದು ಅವು ತಾವಾಗಿಯೇ ಬೆಳೆಯನ್ನು ಉಳಿಸಿಬಿಡುತ್ತವೆ ಎಂದಲ್ಲ. ಅವು ಯಾವ ಹಂತದಲ್ಲಿ, ಎಷ್ಟರಮಟ್ಟಿಗೆ, ಯಾವ ಬೆಳೆಯಲ್ಲಿ ಕೆಲಸಕ್ಕೆ ಬರುತ್ತವೆ ಎಂಬುದನ್ನು ಬಿಡಿಬಿಡಿಯಾಗಿ ನೋಡಬೇಕು.

ಬಾಧೆ ಅತಿ ಹೆಚ್ಚು ಕಂಡ ಹಾಸನ ಜಿಲ್ಲೆಯನ್ನೇ ನೋಡೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳು ಅಕ್ಕಪಕ್ಕದಲ್ಲೇ ಇದ್ದರೂ ಅವುಗಳ ಬೇಸಾಯ ಒಂದೇ ತೆರನಾದುದಲ್ಲ. ಹಾಸನದ ಸುತ್ತ ಆಲೂಗಡ್ಡೆ ಮತ್ತು ಮುಸುಕಿನ ಜೋಳ. ಹೇಮಾವತಿ ನಾಲೆಯ ನೀರು ಸಿಗುವ ಹೊಳೆನರಸೀಪುರದ ಬಯಲಿನಲ್ಲಿ ಭತ್ತ, ನೀರು ಏರದ ಎತ್ತರದಲ್ಲಿ ಜೋಳ, ರಾಗಿ. ಅರೆಮಲೆನಾಡಿನ ಅಂಚಿನಲ್ಲಿರುವ ಅರಕಲಗೂಡಿನಲ್ಲಿ ಜೋಳದ ಜೊತೆಗೆ ತಂಬಾಕು. ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆಯೇ ಇದೆ. ಪೂರ್ವಕ್ಕೆ ಚನ್ನರಾಯಪಟ್ಟಣ ಒಣ ಸೀಮೆ: ತೆಂಗು, ರಾಗಿ, ಹುರುಳಿ. ಹುಳು ತಿನ್ನುವ ಹುಳುಗಳ ಲೆಕ್ಕವೂ ಈ ಭೂಗೋಳವನ್ನು ಅನುಸರಿಸಿಯೇ ಬದಲಾಗುತ್ತದೆ.

ಮೊದಲು ಜೋಳ. ಹೆಣ್ಣು ಪತಂಗ ರಾತ್ರಿ ಹೊತ್ತು ಎಲೆಯ ಮೇಲೆ ನೂರರಿಂದ ಇನ್ನೂರು ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ಮೇಲೆ ತನ್ನ ಮೈಯ ರೋಮವನ್ನು ಹೊದಿಸುತ್ತದೆ. ಒಂದು ಪತಂಗ ತನ್ನ ಆಯುಷ್ಯದಲ್ಲಿ ಸಾವಿರದೈನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಎರಡು ಮೂರು ದಿನಕ್ಕೆ ಮೊಟ್ಟೆಯೊಡೆದ ಮರಿಗಳು ಮೊದಲು ಎಲೆಯ ಹಸಿರನ್ನು ಕೆರೆಯುತ್ತವೆ. ಎಲೆಯಲ್ಲಿ ಕಾಗದದಂಥ ಬಿಳಿ ಕಿಟಕಿಗಳು ಕಾಣುವುದು ಆಗ. ಮೂರನೇ ಹಂತಕ್ಕೆ ಬರುವಷ್ಟರಲ್ಲಿ ಹುಳು ಸುಳಿಯೊಳಗೆ ಇಳಿದು, ತನ್ನದೇ ಹಿಕ್ಕೆಯನ್ನು ಬಾಗಿಲಿಗೆ ಒತ್ತಿಕೊಂಡು ಕೂರುತ್ತದೆ. ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದ ಗೆರೆ, ಹಿಂಬದಿಯಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಇವು ಅದರ ಗುರುತು. ಎರಡು ಮೂರು ವಾರ ತಿಂದು ಮಣ್ಣಿಗೆ ಇಳಿದು ಕೋಶವಾಗುತ್ತದೆ. ಶತ್ರುಗಳಿಗೆ ಅತಿ ಸುಲಭವಾಗಿ ಸಿಗುವುದು ಮೊಟ್ಟೆ ಮತ್ತು ಎಳೆಮರಿ. ಸುಳಿ ಸೇರಿದ ಹುಳು ಸಿಂಪಡಣೆಗೂ ಸುಲಭಕ್ಕೆ ಸಿಗುವುದಿಲ್ಲ, ಬಹುಪಾಲು ಕಣಜಗಳಿಗೂ ಸಿಗುವುದಿಲ್ಲ.

ಹುಳು ತಿನ್ನುವ ಕೀಟಗಳಲ್ಲಿ ಎರಡು ಬಗೆ. ಒಂದು ಪರಭಕ್ಷಕ: ಹುಳುವನ್ನು ಹಿಡಿದು ತಿಂದು ಮುಂದಿನದಕ್ಕೆ ಹೋಗುತ್ತದೆ, ಆಯುಷ್ಯದಲ್ಲಿ ಹತ್ತಾರು ಬೇಟೆಯಾಡುತ್ತದೆ. ಇನ್ನೊಂದು ಪರೋಪಜೀವಿ: ತಾಯಿ ಹುಳುವಿನ ಮೈಮೇಲೋ ಒಳಗೋ ಮೊಟ್ಟೆ ಇಡುತ್ತದೆ, ಹುಟ್ಟಿದ ಮರಿ ಆ ಒಂದೇ ಹುಳುವನ್ನು ತಿಂದು ಬೆಳೆದು ಕೊನೆಗೆ ಅದನ್ನು ಸಾಯಿಸುತ್ತದೆ. ಹೇನು, ಉಣ್ಣೆ ಕೂಡ ಪರೋಪಜೀವಿಗಳೇ, ಆದರೆ ಅವು ಆಶ್ರಯ ಕೊಟ್ಟ ಪ್ರಾಣಿಯನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಇವು ಕೊಲ್ಲುತ್ತವೆ. ಬೆಳೆಗೆ ಪ್ರಯೋಜನವಾಗುವುದು ಆ ವ್ಯತ್ಯಾಸದಿಂದಲೇ.

ಮೊಟ್ಟೆಯ ಹಂತದಲ್ಲಿ ಹೆಸರುವಾಸಿಯಾದದ್ದು ಟ್ರೈಕೊಗ್ರಾಮ. ಉದ್ದ ಸುಮಾರು ಅರ್ಧ ಮಿಲಿಮೀಟರ್. ಬರಿಗಣ್ಣಿಗೆ ಧೂಳಿನ ಕಣ. ಪತಂಗದ ಒಂದು ಮೊಟ್ಟೆಯೊಳಗೆ ಇದರ ಮರಿ ಹುಟ್ಟಿ, ಅಲ್ಲೇ ತಿಂದು, ಅಲ್ಲೇ ಕೋಶವಾಗಿ ಕಣಜವಾಗಿ ಹೊರಬರುತ್ತದೆ. ಹಾಗೆ ಆಕ್ರಮಣಕ್ಕೊಳಗಾದ ಮೊಟ್ಟೆ ಕಪ್ಪಗಾಗುತ್ತದೆ. ಕಬ್ಬಿನ ಕೊರಕಗಳಿಗೆ, ಭತ್ತದ ಕಾಂಡಕೊರಕಕ್ಕೆ, ಎಲೆ ಮಡಚುವ ಹುಳುವಿಗೆ ಇದರ ಬೇರೆ ಬೇರೆ ಜಾತಿಗಳನ್ನು ದಶಕಗಳಿಂದ ಬಿಡುತ್ತ ಬರಲಾಗಿದೆ. ಆದರೆ ಸೈನಿಕ ಹುಳುವಿನ ಮೊಟ್ಟೆಯ ಗುಂಪಿನ ಮುಂದೆ ಟ್ರೈಕೊಗ್ರಾಮ ಸ್ವಲ್ಪ ಸೋಲುತ್ತದೆ. ಮೊಟ್ಟೆಗಳು ಪದರದ ಮೇಲೆ ಪದರ, ಅದರ ಮೇಲೆ ರೋಮದ ಹೊದಿಕೆ. ಕಣಜಕ್ಕೆ ಮೇಲಿನ ಪದರ ಸಿಗುತ್ತದೆ, ಕೆಳಗಿನದು ಉಳಿದುಕೊಳ್ಳುತ್ತದೆ.

ಕೆಳಗಿನ ಪದರವನ್ನೂ ಬಿಡದ ಕಣಜ ಟೆಲಿನೋಮಸ್ ರೀಮಸ್. ಇದು ಈ ನೆಲಕ್ಕೆ ಬಂದ ಕತೆ ಸೈನಿಕ ಹುಳುವಿಗಿಂತ ಬಹಳ ಹಿಂದಿನದು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ 1957ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ತಂಬಾಕು ಮೊದಲಾದ ಬೆಳೆಗಳನ್ನು ಕಾಡುತ್ತಿದ್ದ ಸ್ಪೊಡಾಪ್ಟೆರಾ ಲಿಟುರಾ ಹುಳುವಿಗಾಗಿ ಆ ಕೇಂದ್ರ 1963ರಲ್ಲಿ ನ್ಯೂಗಿನಿಯಿಂದ ಈ ಕಣಜವನ್ನು ತರಿಸಿತು. ಮುಂದೆ ಇದೇ ಕಣಜವನ್ನು ವೆನೆಜುವೆಲಾದಲ್ಲಿ ಜೋಳದ ಹೊಲಗಳಿಗೆ ಫಾಲ್ ಸೈನಿಕ ಹುಳುವಿನ ವಿರುದ್ಧ ಬಿಟ್ಟರು. ಹುಳು ತನ್ನ ತವರಿನಿಂದ ಹೊರಟು 2016ರಲ್ಲಿ ಆಫ್ರಿಕ ತಲುಪಿ, ಎರಡೇ ವರ್ಷದಲ್ಲಿ ಕರ್ನಾಟಕ ಮುಟ್ಟಿದಾಗ, ಅದನ್ನು ಬಲ್ಲ ಕಣಜದ ಬಗ್ಗೆ ಬೆಂಗಳೂರಿಗೆ ಐವತ್ತು ವರ್ಷಕ್ಕೂ ಮೀರಿದ ತಿಳಿವಳಿಕೆ ಇತ್ತು. ಆ ಹಳೆಯ ಕೇಂದ್ರದ ಹಾದಿಯಲ್ಲೇ ಮುಂದೆ ಬೆಳೆದದ್ದು ಹೆಬ್ಬಾಳದ ಬಳಿಯ ಈಗಿನ ರಾಷ್ಟ್ರೀಯ ಸಂಸ್ಥೆ. ಅದು 1993ರಲ್ಲಿ ಜೈವಿಕ ನಿಯಂತ್ರಣ ನಿರ್ದೇಶನಾಲಯವಾಗಿ ಆರಂಭವಾಯಿತು. ತಂಬಾಕಿನ ಹುಳುವಿಗಾಗಿ ಮಾಡಿದ ಕೆಲಸ ಜೋಳಕ್ಕೆ ಒದಗಿತು. ಸಂಶೋಧನೆಗೆ ಹಾಕಿದ ದುಡ್ಡು ಯಾವಾಗ, ಯಾವ ಬೆಳೆಯಲ್ಲಿ ಹಿಂದಿರುಗುತ್ತದೆ ಎಂದು ಮೊದಲೇ ಹೇಳಲಾಗದು.

ಮರಿಹುಳುವಿನ ಹಂತಕ್ಕೆ ಬಂದರೆ ಕತೆ ಇನ್ನೂ ವಿಚಿತ್ರ. ಕ್ಯಾಂಪೊಲೆಟಿಸ್ ಕ್ಲೋರಿಡಿಯೆ ಎಂಬ ಕಣಜ ಕಡಲೆ, ತೊಗರಿಯ ಕಾಯಿಕೊರಕದ ಹಳೆಯ ವೈರಿ. ಅದು ಎಳೆಮರಿಯನ್ನು ಹುಡುಕಿ ಒಳಗೆ ಒಂದೇ ಮೊಟ್ಟೆ ಇಟ್ಟುಹೋಗುತ್ತದೆ. ಹುಳು ತಕ್ಷಣ ಸಾಯುವುದಿಲ್ಲ; ತಿನ್ನುತ್ತಲೇ ಇರುತ್ತದೆ, ಆದರೆ ಮಂದವಾಗಿ. ಮೈಯೊಳಗೆ ಬಂದು ಸೇರಿದ ಪರಕೀಯ ವಸ್ತುವನ್ನು ಸುತ್ತುಗಟ್ಟಿ ಕೊಲ್ಲುವ ರಕ್ಷಣಾ ವ್ಯವಸ್ಥೆ ಮರಿಹುಳುವಿಗೂ ಇದೆ. ಅದನ್ನು ಅಡಗಿಸಲು ಕಣಜ ಮೊಟ್ಟೆಯ ಜೊತೆಗೆ ಒಂದು ವೈರಸ್ಸನ್ನೂ ಚುಚ್ಚುತ್ತದೆ. ಆ ವೈರಸ್ ಕಣಜದ ಅಂಡಾಶಯದಲ್ಲೇ ತಯಾರಾಗುವಂಥದ್ದು, ಅದರ ವಂಶವಾಹಿಯಲ್ಲೇ ಸೇರಿಹೋಗಿರುವಂಥದ್ದು. ಕೆಲವು ದಿನಗಳಲ್ಲಿ ಕಣಜದ ಮರಿ ಹುಳುವಿನ ಚರ್ಮ ಸೀಳಿ ಹೊರಬಂದು ಪಕ್ಕದಲ್ಲೇ ಗೂಡು ನೇಯುತ್ತದೆ. ದೊಡ್ಡದಾಗಿ ಬೆಳೆದು ಬಹುಪಾಲು ಎಲೆ ತಿನ್ನಬೇಕಿದ್ದ ಹುಳು ಅಷ್ಟರಲ್ಲಿ ಸುಕ್ಕುಗಟ್ಟಿದ ಸಿಪ್ಪೆ. ಸೈನಿಕ ಹುಳು ತನ್ನ ಜೀವಮಾನದ ಮೇವಿನಲ್ಲಿ ಹೆಚ್ಚಿನ ಪಾಲನ್ನು ತಿನ್ನುವುದು ಕೊನೆಯ ಎರಡು ಹಂತಗಳಲ್ಲಿ. ಆದ್ದರಿಂದ ಎಳೆಯದರಲ್ಲೇ ಸಾಯಿಸುವ ಕಣಜಕ್ಕೆ ಬೆಲೆ ಜಾಸ್ತಿ.

ಗ್ಲಿಪ್ಟಪ್ಯಾಂಟಿಲಿಸ್ ಮತ್ತು ಅದರ ಹತ್ತಿರದ ಕೊಟೀಸಿಯಾ ಗುಂಪಿನವು ಇದಕ್ಕಿಂತ ಬೇರೆ. ಇವುಗಳಲ್ಲಿ ಹಲವು ಜಾತಿಗಳು ಒಂದೇ ಹುಳುವಿನೊಳಗೆ ಹತ್ತಾರು ಮೊಟ್ಟೆ ಇಡುತ್ತವೆ. ಮರಿಗಳೆಲ್ಲ ಒಟ್ಟಿಗೆ ಹೊರಬಂದು ಹುಳುವಿನ ಮೈಮೇಲೋ ಪಕ್ಕದಲ್ಲೋ ಬಿಳಿಯ ಪುಟ್ಟ ಗೂಡುಗಳನ್ನು ಕಟ್ಟುತ್ತವೆ. ರಾಗಿಯನ್ನು ಕಾಡುವ ಗುಲಾಬಿ ಕಾಂಡಕೊರಕಕ್ಕೂ ಕೊಟೀಸಿಯಾ ಗುಂಪಿನ ಶತ್ರು ಇದೆ. ಬ್ರೆಜಿಲ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗ್ಲಿಪ್ಟಪ್ಯಾಂಟಿಲಿಸ್‌ನ ಬೇರೊಂದು ಜಾತಿ ಮರಿಹುಳುವಿನ ನಡತೆಯನ್ನೇ ಬದಲಿಸುವುದು ಕಂಡುಬಂತು: ಕಣಜದ ಮರಿಗಳು ಹೊರಬಿದ್ದ ಮೇಲೂ ಅರೆಜೀವದ ಹುಳು ತಿನ್ನುವುದನ್ನು ಬಿಟ್ಟು ಅವುಗಳ ಗೂಡಿನ ಮೇಲೆ ನಿಂತು, ಹತ್ತಿರ ಬಂದ ಕೀಟಗಳನ್ನು ತಲೆಯಾಡಿಸಿ ಓಡಿಸುತ್ತದೆ. ಇಲ್ಲಿನ ಸಮೀಕ್ಷೆಯಲ್ಲಿ ಸಿಕ್ಕ ಜಾತಿಗೂ ಈ ಚಾಳಿ ಇದೆಯೆಂದು ಇದರಿಂದ ತೀರ್ಮಾನಿಸಬಾರದು.

ಆ ಬಿಳಿ ಗೂಡುಗಳ ವಿಷಯದಲ್ಲಿ ಹೊಲದಲ್ಲಿ ಒಂದು ಎಡವಟ್ಟು ನಡೆಯುತ್ತದೆ. ಎಲೆಯ ಮೇಲೆ ಹತ್ತಿಯ ಎಳೆಯಂಥ ಬಿಳಿ ಗುಂಪು ಕಂಡರೆ ಅದನ್ನು ಹುಳುವಿನ ಮೊಟ್ಟೆಯೆಂದು ಭಾವಿಸಿ ಹೊಸಕಿಹಾಕುವವರು, ಔಷಧ ಹೊಡೆಯುವವರು ಇದ್ದಾರೆ. ಗುರುತು ಕಷ್ಟವಲ್ಲ. ಪತಂಗದ ಮೊಟ್ಟೆ ಗುಂಡಗೆ, ಗಸಗಸೆಯಂತೆ ಸಣ್ಣಗೆ, ಎಲೆಗೆ ಚಪ್ಪಟೆಯಾಗಿ ಅಂಟಿರುತ್ತದೆ. ಮೇಲಿನ ರೋಮ ಬೂದು, ಕಂದು ಬಣ್ಣದ್ದು. ಕಣಜದ ಗೂಡು ಉದ್ದವಾಗಿ, ಎರಡು ತುದಿ ಮೊಂಡಾಗಿ, ರೇಷ್ಮೆಗೂಡಿನದೇ ಆಕಾರದಲ್ಲಿ ಇರುತ್ತದೆ. ಪಕ್ಕದಲ್ಲಿ ಸತ್ತ ಅಥವಾ ಸಾಯುತ್ತಿರುವ ಹುಳು ಬಿದ್ದಿರುತ್ತದೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾರೇಕೆರೆಯ ಕೃಷಿ ಕಾಲೇಜಿಗೋ ಒಂದು ಎಲೆಯನ್ನು ಡಬ್ಬಿಯಲ್ಲಿ ಹಾಕಿ ಒಯ್ದರೆ ಅನುಮಾನ ಅಲ್ಲೇ ಬಗೆಹರಿಯುತ್ತದೆ. ಡಬ್ಬಿಯನ್ನು ಮುಚ್ಚಿ ಮನೆಯಲ್ಲೇ ಇಟ್ಟುಕೊಂಡರೂ ಸರಿ, ಸುಮಾರು ಒಂದು ವಾರದಲ್ಲಿ ಹೊರಬರುವುದು ಹುಳುವೋ ಕಣಜವೋ ಎಂದು ತಿಳಿಯುತ್ತದೆ.

ಕಣಜಗಳಲ್ಲದೆ ನೊಣಗಳಲ್ಲೂ ಇದೇ ಕಸುಬಿನವು ಇವೆ. ಮನೆನೊಣಕ್ಕಿಂತ ದಪ್ಪ, ಮೈತುಂಬ ಮುಳ್ಳುಗೂದಲು. ಮರಿಹುಳುವಿನ ಚರ್ಮದ ಮೇಲೆ ಬಿಳಿ ಮೊಟ್ಟೆ ಅಂಟಿಸಿಹೋಗುತ್ತವೆ. ರೇಷ್ಮೆ ಸಾಕುವವರಿಗೆ ಈ ಕುಟುಂಬದ ಪರಿಚಯ ಚೆನ್ನಾಗಿಯೇ ಇದೆ. 1980ರಲ್ಲಿ ಕರ್ನಾಟಕದ ರೇಷ್ಮೆ ಸೀಮೆಗೆ ಹೊಕ್ಕ ಊಜಿ ನೊಣ ಇದೇ ಕುಟುಂಬದ್ದು. ರೇಷ್ಮೆಹುಳುವೂ ಎಲೆ ತಿನ್ನುವ ಮರಿಹುಳುವೇ ತಾನೆ. ಹೊಲದಲ್ಲಿ ಉಪಕಾರ ಮಾಡುವ ಕಸುಬು ಹುಳುಮನೆಯಲ್ಲಿ ಅಪಕಾರವಾಗುತ್ತದೆ. ಊಜಿಯ ನಿಯಂತ್ರಣಕ್ಕೂ ಮತ್ತೆ ಜೈವಿಕ ದಾರಿಯೇ ಸಿಕ್ಕಿದ್ದು: ಊಜಿಯ ಕೋಶದೊಳಗೆ ಮೊಟ್ಟೆ ಇಡುವ ನೆಸೊಲಿಂಕ್ಸ್ ಥೈಮಸ್ ಎಂಬ ಕಣಜವನ್ನು ಚೀಲಗಳಲ್ಲಿ ತುಂಬಿ ರೇಷ್ಮೆ ಬೆಳೆಗಾರರಿಗೆ ಕೊಡಲಾಗುತ್ತದೆ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಜೋಳ ಬೆಳೆಯುವವರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಮರಿಹುಳುಗಳಿಗೆ ಸಿಂಪಡಿಸುವ ಬಿ.ಟಿ. ಬ್ಯಾಕ್ಟೀರಿಯಾದ ದ್ರಾವಣ ಜೈವಿಕವೆಂದು ಹೆಸರಾಗಿದ್ದರೂ ಅದು ರೇಷ್ಮೆಹುಳುವನ್ನೂ ಕೊಲ್ಲುತ್ತದೆ. ಸೈನಿಕ ಹುಳುವಿನ ಮೊಟ್ಟೆ ಹುಡುಕುವ ಟೆಲಿನೋಮಸ್‌ನಿಂದ ಅಂಥ ಭಯವಿಲ್ಲ.

ಪರಭಕ್ಷಕಗಳ ಪಟ್ಟಿ ದೊಡ್ಡದು, ಅವುಗಳ ಕೆಲಸವನ್ನು ಅಳೆಯುವುದು ಕಷ್ಟ. 2018ರ ಸಮೀಕ್ಷೆಯಲ್ಲಿ ಕಂಡ ಫೋರ್ಫಿಕ್ಯುಲಾ ಬಾಲದ ತುದಿಯಲ್ಲಿ ಇಕ್ಕಳ ಹೊತ್ತ ಕಂದು ಕೀಟ. ಹಗಲಿಡೀ ಸುಳಿಯೊಳಗೆ, ಎಲೆಯ ಸಂದಿನಲ್ಲಿ ಅಡಗಿದ್ದು ರಾತ್ರಿ ಮೊಟ್ಟೆ, ಎಳೆಮರಿಗಳನ್ನು ತಿನ್ನುತ್ತದೆ. ಹುಳು ಅಡಗುವ ಜಾಗದಲ್ಲೇ ಇದೂ ಅಡಗುವುದರಿಂದ ಜೋಳದ ಮಟ್ಟಿಗೆ ಒಳ್ಳೆಯ ಜೊತೆಗಾರ. ದುರ್ದೈವವೆಂದರೆ ಸುಳಿ ಬಿಡಿಸಿ ನೋಡಿದವರು ಹುಳುವಿನ ಜೊತೆ ಇದನ್ನೂ ಹೊಸಕುತ್ತಾರೆ. ಗುಲಗಂಜಿ ಹುಳುಗಳು ಮುಖ್ಯವಾಗಿ ಸಸ್ಯಹೇನು ತಿನ್ನುವವು, ಮೊಟ್ಟೆ ಸಿಕ್ಕರೆ ಬಿಡುವುದಿಲ್ಲ. ಉದ್ದ ಸೂಜಿಬಾಯಿಯನ್ನು ಮರಿಹುಳುವಿಗೆ ಚುಚ್ಚಿ ರಸ ಹೀರುವ ತಿಗಣೆಗಳಿವೆ. ಮನೆಯ ಬಾಗಿಲುವಾಡಕ್ಕೆ, ಕಿಟಕಿಯ ಮೂಲೆಗೆ ಮಣ್ಣಿನ ಗೂಡು ಕಟ್ಟುವ ಕಣಜಗಳಲ್ಲಿ ಎರಡು ಬಗೆ: ಕೆಲವು ಅದರಲ್ಲಿ ಜೇಡಗಳನ್ನು ತುಂಬುತ್ತವೆ, ಪುಟ್ಟ ಗಡಿಗೆಯ ಆಕಾರದ ಗೂಡು ಕಟ್ಟುವವು ಮರಿಹುಳುಗಳನ್ನು. ಗಡಿಗೆ ಕಟ್ಟುವ ಕಣಜ ಮೊದಲು ತನ್ನ ಒಂದು ಮೊಟ್ಟೆ ಇಟ್ಟು, ಚುಚ್ಚಿ ಜಡವಾಗಿಸಿದ ಹಸಿರು ಹುಳುಗಳನ್ನು ಒಂದೊಂದಾಗಿ ಹೊತ್ತುತಂದು ತುಂಬಿ, ಬಾಯಿ ಮೆತ್ತುತ್ತದೆ. ಹಬ್ಬದ ಸುಣ್ಣಬಣ್ಣಕ್ಕೆ ಮೊದಲು ಕೆರೆದುಹಾಕುವುದು ಅದನ್ನೇ. ಕೀಟಗಳ ಸಾಲಿಗೆ ಸೇರದಿದ್ದರೂ ಕಾಜಾಣ, ಗೊರವಂಕ, ಬೆಳ್ಳಕ್ಕಿಗಳನ್ನು ಮರೆಯುವಂತಿಲ್ಲ. ಜೋಳ ಎಳೆಯದಿದ್ದಾಗ ಹೊಲದಲ್ಲಿ ಕವಲುಕಡ್ಡಿ ನೆಟ್ಟರೆ ಕಾಜಾಣ ಅದರ ಮೇಲೆ ಕೂತು ಬೇಟೆಯಾಡುತ್ತದೆ.

ಇನ್ನೊಂದು ಶತ್ರು ಕೀಟವಲ್ಲ, ಬೂಷ್ಟು. ಮೆಟಾರೈಜಿಯಂ ರೈಲಿಯಿ ಎಂಬ ಈ ಶಿಲೀಂಧ್ರ ತಗುಲಿದ ಹುಳು ಎಲೆಯನ್ನು ಕಚ್ಚಿಹಿಡಿದಂತೆಯೇ ಗಡುಸಾಗಿ ಸಾಯುತ್ತದೆ. ಮೈ ಮೊದಲು ಬೆಳ್ಳಗೆ, ಆಮೇಲೆ ತಿಳಿಹಸಿರು ಹಿಟ್ಟು ಬಳಿದಂತೆ. ಮೋಡ ಮುಸುಕಿದ, ತೇವ ಆರದ ದಿನಗಳೇ ಇದಕ್ಕೆ ಬೇಕು. ಹಾಗಾಗಿ ಅರಕಲಗೂಡಿನ ಪಶ್ಚಿಮ ಭಾಗದಂಥ ಜಡಿಮಳೆಯ ಸೀಮೆಗೆ ಇದು ಒದಗುವಷ್ಟು ಚನ್ನರಾಯಪಟ್ಟಣದ ಒಣ ಹೊಲಕ್ಕೆ ಒದಗುವುದಿಲ್ಲ.

ಚನ್ನರಾಯಪಟ್ಟಣದ ಜೈವಿಕ ನಿಯಂತ್ರಣದ ಮುಖ್ಯ ಅಧ್ಯಾಯವಿರುವುದು ಜೋಳದಲ್ಲಲ್ಲ, ತೆಂಗಿನಲ್ಲಿ. ತೆಂಗಿನ ಕಪ್ಪುತಲೆ ಹುಳು ಗರಿಯ ಅಡಿಯಲ್ಲಿ ತನ್ನ ಹಿಕ್ಕೆ ಮತ್ತು ನೂಲಿನಿಂದ ಸುರಂಗ ಕಟ್ಟಿಕೊಂಡು ಅದರೊಳಗಿಂದ ಹಸಿರನ್ನು ಕೆರೆದು ತಿನ್ನುತ್ತದೆ. ಬಾಧೆ ಕೆಳಗಿನ ಹಳೆಯ ಗರಿಯಿಂದ ಶುರುವಾಗಿ ಮೇಲಕ್ಕೆ ಏರುತ್ತದೆ; ಬೇಸಿಗೆಯಲ್ಲಿ ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ತಗುಲಿ ಸೋಗೆ ಸುಟ್ಟಂತೆ ಕಾಣುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಎರಡು ತಿಂಗಳು. ಮರ ಸಾಯುವುದು ಅಪರೂಪ, ಆದರೆ ಇಳುವರಿ ಕುಸಿಯುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ದಾಖಲಿಸಿದ ಪ್ರಕಾರ, ತೀವ್ರ ಬಾಧೆಯ ಮರುವರ್ಷ ಕಾಯಿಯ ನಷ್ಟ ಶೇ 45ರವರೆಗೂ ಹೋಗುತ್ತದೆ. ತುಮಕೂರು, ಹಾಸನ, ಮಂಡ್ಯ, ಚಿತ್ರದುರ್ಗದ ಒಣ ತೆಂಗಿನ ಸೀಮೆಗೆ ಇದು ಮತ್ತೆ ಮತ್ತೆ ಬರುವ ಪೀಡೆ.

ಎತ್ತರದ ಮರಕ್ಕೆ ಸಿಂಪಡಿಸುವುದು ಸುಲಭದ ಮಾತಲ್ಲ. ಬೇರಿಗೆ ವಿಷ ಕುಡಿಸುವ ಕ್ರಮವೊಂದಿತ್ತು. ಕುಡಿಸಿದ ಮೇಲೆ ಒಂದೂವರೆ ತಿಂಗಳು ಎಳನೀರು, ಕಾಯಿ ಕೀಳಬಾರದು ಎಂಬ ಎಚ್ಚರಿಕೆಯೂ ಜೊತೆಗೇ ಇತ್ತು. ಇಂಥ ಕಡೆ ಕಣಜಕ್ಕೆ ಪೈಪೋಟಿಯೇ ಇಲ್ಲ. ಗೋನಿಯೋಜಸ್ ನೆಫಾಂಟಿಡಿಸ್ ಎಂಬ ಪುಟ್ಟ ಕರಿ ಕಣಜ ಹುಳುವಿನ ಸುರಂಗದೊಳಕ್ಕೇ ನುಗ್ಗಿ, ತನಗಿಂತ ಎಷ್ಟೋ ಪಟ್ಟು ದೊಡ್ಡದಾದ ಹುಳುವನ್ನು ಚುಚ್ಚಿ ಜಡಗೊಳಿಸಿ, ಮೈಮೇಲೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಬಹುಪಾಲು ಕಣಜಗಳು ಮೊಟ್ಟೆ ಇಟ್ಟು ಹೊರಟುಬಿಡುತ್ತವೆ. ಇದು ಹೋಗುವುದಿಲ್ಲ. ಮರಿಗಳು ಹುಳುವನ್ನು ಹೀರಿ ಗೂಡು ಕಟ್ಟುವವರೆಗೂ ಕಾವು ಕೂತ ಕೋಳಿಯಂತೆ ಅಲ್ಲೇ ಇದ್ದು ಕಾಯುತ್ತದೆ. ಇನ್ನೊಂದು ಹೆಣ್ಣು ಕಣಜ ಆ ಹುಳುವಿಗಾಗಿ ಬಂದರೆ ಎರಡೂ ಕಚ್ಚಾಡುತ್ತವೆ. ಈ ಜಗಳವನ್ನೇ ಮುಂದಿಟ್ಟುಕೊಂಡು ಪ್ರಾಣಿಗಳ ನಡತೆಯ ವಿಜ್ಞಾನಿಗಳು ಪ್ರತ್ಯೇಕ ಅಧ್ಯಯನಗಳನ್ನು ಮಾಡಿದ್ದಾರೆ. ಕಪ್ಪುತಲೆ ಹುಳುವಿಗೆ ಇದೊಂದೇ ವೈರಿಯೂ ಅಲ್ಲ. ಎಳೆಮರಿಗೆ ಒಂದು, ಬಲಿತ ಹುಳುವಿಗೆ ಬ್ರಾಕನ್, ಕೋಶಕ್ಕೆ ಹೋಗುವ ಹೊತ್ತಿಗೆ ಎಲಾಸ್ಮಸ್, ಕೋಶಕ್ಕೆ ಬ್ರಾಕಿಮೇರಿಯಾ, ಹೀಗೆ ಹಂತಕ್ಕೊಂದು ಕಣಜ ಇದೆ. ತೋಟದಲ್ಲಿ ಹುಳು ಯಾವ ಹಂತದಲ್ಲಿದೆ ಎಂದು ನೋಡದೆ ಕಣಜ ಬಿಟ್ಟರೆ ಕೆಲಸವಾಗದು ಎಂಬುದಕ್ಕೆ ಇದೇ ಕಾರಣ.

ತೆಂಗಿನ ಜಿಲ್ಲೆಗಳಲ್ಲಿ ತೋಟಗಾರಿಕೆ ಇಲಾಖೆಯ ಪರೋಪಜೀವಿ ಪ್ರಯೋಗಾಲಯಗಳು ಗೋನಿಯೋಜಸ್ ಬೆಳೆಸಿ ಕೊಡುತ್ತವೆ. ಮರವೊಂದಕ್ಕೆ 15ರಿಂದ 20 ಕಣಜ, 15 ದಿನಕ್ಕೊಮ್ಮೆ, ನಾಲ್ಕು ಸಲ ಎಂಬುದು ಸಾಮಾನ್ಯವಾದ ಸಲಹೆ. ಬಿಡುವುದಕ್ಕೂ ಕ್ರಮವಿದೆ. ಮರ ಹತ್ತಿ ಸುಳಿಯ ಬಳಿ ಬಿಟ್ಟರೆ ಅಲ್ಲಿನ ಜೇಡ, ತಿಗಣೆಗಳಿಗೆ ಅವು ಆಹಾರವಾಗುತ್ತವೆ. ಆದ್ದರಿಂದ ಬುಡದ ಕಡೆ, ಕಾಂಡದ ಮೇಲೆ ಬಿಡಬೇಕು. ಹುಳು ಉಲ್ಬಣಿಸುವ ಬೇಸಿಗೆಗೆ ಕಾಯದೆ ಜನವರಿಯಿಂದಲೇ ಶುರುಮಾಡಬೇಕು. ಎಲ್ಲಕ್ಕಿಂತ ಮುಖ್ಯ, ಒಂದು ತೋಟದವರು ಬಿಟ್ಟು ಪಕ್ಕದವರು ಸುಮ್ಮನಿದ್ದರೆ ಪತಂಗ ಬೇಲಿ ದಾಟಿ ಮರಳುತ್ತದೆ. ಊರಿಗೆ ಊರೇ ಒಟ್ಟಾಗಿ ಬಿಡಬೇಕು. ಬಾಧೆ ತಗುಲಿದ ಕೆಳಗರಿಗಳನ್ನು ಕಡಿದು ಸುಡುವ ಅಭ್ಯಾಸವೂ ಹಳೆಯದು; ಆದರೆ ಕಣಜ ಬಿಟ್ಟಮೇಲೆ ಕಡಿದರೆ ಸುಟ್ಟುಹೋಗುವುದು ಕಣಜದ ಮರಿಗಳೂ ಹೌದು.

ಆಲೂಗಡ್ಡೆಯ ಗೆಡ್ಡೆ ಪತಂಗದ ಮಾತು ಚಿಕ್ಕದು. ಅದರ ಹುಳು ಎಲೆಯೊಳಗೆ ಸುರಂಗ ಕೊರೆಯುತ್ತದೆ, ಮಣ್ಣಿನಿಂದ ಹೊರಗೆ ಇಣುಕಿದ ಗೆಡ್ಡೆಗೂ ದಾಸ್ತಾನಿಗೂ ಇಳಿಯುತ್ತದೆ. ಅದಕ್ಕೆ ಹೊರದೇಶದಿಂದ ತರಿಸಿದ ಕೊಪಿಡೋಸೋಮ ಕೊಹ್ಲೆರಿ ಎಂಬ ಕಣಜವಿದೆ. ಪತಂಗದ ಮೊಟ್ಟೆಯೊಳಗೆ ಇದು ಇಡುವ ಒಂದೇ ಒಂದು ಮೊಟ್ಟೆ ಒಡೆದೊಡೆದು ಹತ್ತಾರು ಕಣಜಗಳಾಗುತ್ತದೆ. ಆದರೆ ಹಾಸನದ ಮುಂಗಾರು ಆಲೂಗಡ್ಡೆಗೆ ಹುಳುವಿಗಿಂತ ದೊಡ್ಡ ವೈರಿ ಅಂಗಮಾರಿ ರೋಗ. ಗೆಡ್ಡೆಗೆ ಮಣ್ಣು ಏರಿಸಿ ಮುಚ್ಚಿದರೆ ಪತಂಗದ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಮತ್ತೆ ಜೋಳದ ಕಣಜಗಳಿಗೆ ಬರೋಣ. ಪ್ರಯೋಗಾಲಯದಲ್ಲಿ ಟ್ರೈಕೊಗ್ರಾಮವನ್ನು ಬೆಳೆಸಲು ಬೇಕಾಗುವುದು ಇನ್ನೊಂದು ಹುಳು: ಅಕ್ಕಿ ಪತಂಗ. ಧಾನ್ಯದ ನುಚ್ಚಿನಲ್ಲಿ ಅದನ್ನು ಸಾಕಿ, ಅದರ ಮೊಟ್ಟೆಗಳನ್ನು ಅತಿನೇರಳೆ ಕಿರಣಕ್ಕೆ ಒಡ್ಡಿ ಒಳಗಿನ ಜೀವವನ್ನು ಕೊಂದು, ರಟ್ಟಿಗೆ ಅಂಟಿಸಿ ಟ್ರೈಕೊಗ್ರಾಮಕ್ಕೆ ಒಪ್ಪಿಸುತ್ತಾರೆ. ಒಂದು ಘನ ಸೆಂಟಿಮೀಟರ್ ಮೊಟ್ಟೆಯ ಅಂಥ ಒಂದು ಕಾರ್ಡಿನಲ್ಲಿ ಹದಿನೆಂಟು ಇಪ್ಪತ್ತು ಸಾವಿರ ಮೊಟ್ಟೆಗಳಿರುತ್ತವೆ. ಸೈನಿಕ ಹುಳುವಿಗೆ ಎಕರೆಗೆ 50 ಸಾವಿರ ಟ್ರೈಕೊಗ್ರಾಮ ಅಥವಾ ಟೆಲಿನೋಮಸ್ ಕಣಜವನ್ನು, ಜೋಳ ಮೊಳೆತ ಒಂದು ವಾರದೊಳಗೆ ಶುರುಮಾಡಿ, ವಾರಕ್ಕೊಮ್ಮೆ ಬಿಡುವಂತೆ ಕೃಷಿ ಸಂಶೋಧನಾ ಸಂಸ್ಥೆಗಳ ಸಲಹೆ ಇದೆ.

ಈ ಸಲಹೆ ಕಾಗದದ ಮೇಲೆ ಇರುವಷ್ಟು ಸಲೀಸಾಗಿ ಹೊಲದಲ್ಲಿ ನಡೆಯುವುದಿಲ್ಲ. ಕಾರ್ಡು ತಲುಪುವ ಹೊತ್ತಿಗೆ ದಾರಿಯಲ್ಲೇ ಕಣಜ ಹೊರಬಂದಿರಬಹುದು. ಬಿಸಿಲಿಗೆ ಇಟ್ಟ ಕಾರ್ಡು ಒಣಗುತ್ತದೆ, ಜೋರು ಮಳೆಗೆ ತೊಳೆದುಹೋಗುತ್ತದೆ, ಇರುವೆ ಹತ್ತಿದರೆ ರಾತ್ರಿ ಕಳೆಯುವಷ್ಟರಲ್ಲಿ ಖಾಲಿ. ಸಂಜೆಯ ಹೊತ್ತಿನಲ್ಲಿ, ಎಲೆಯ ಅಡಿಗೆ ಪಟ್ಟಿಪಟ್ಟಿಯಾಗಿ ಕತ್ತರಿಸಿ ಚುಚ್ಚಬೇಕು. ಎಲ್ಲಕ್ಕೂ ಮಿಗಿಲಾಗಿ, ಸೈನಿಕ ಹುಳುವಿನ ಮೊಟ್ಟೆ ಎರಡು ಮೂರು ದಿನಕ್ಕೇ ಒಡೆಯುತ್ತದೆ. ಎಲೆಯಲ್ಲಿ ತೂತು ಕಂಡಮೇಲೆ ಕಾರ್ಡು ತರಲು ಹೊರಟರೆ ಕಾಲ ಮೀರಿರುತ್ತದೆ. ತೆಂಗಿನ ತೋಟ ವರ್ಷಗಟ್ಟಲೆ ನಿಂತಿರುವುದರಿಂದ ಅಲ್ಲಿ ಬಿಟ್ಟ ಕಣಜಕ್ಕೆ ಮುಂದಿನ ಪೀಳಿಗೆ ಬೆಳೆಸಲು ಕಾಲವಿದೆ. ಮೂರೂವರೆ ತಿಂಗಳ ಜೋಳದಲ್ಲಿ ಆ ಅವಕಾಶ ಕಡಿಮೆ. ಕಣಜ ಬಿಡುವ ಕೆಲಸ ತೆಂಗಿನಲ್ಲಿ ಗೆದ್ದಷ್ಟು ಜೋಳದಲ್ಲಿ ಗೆಲ್ಲದಿರಲು ಇದು ಮುಖ್ಯ ಕಾರಣ. ಜೋಳದ ಮಟ್ಟಿಗೆ ತಂದು ಬಿಟ್ಟ ಕಣಜಕ್ಕಿಂತ ಹೊಲದಲ್ಲಿ ಆಗಲೇ ಇರುವ ಕಣಜವನ್ನು ಉಳಿಸಿಕೊಳ್ಳುವುದೇ ಹೆಚ್ಚು ಲಾಭದ ಕೆಲಸ.

ಉಳಿಸಿಕೊಳ್ಳುವುದೆಂದರೆ ಮೊದಲು ಸಿಂಪಡಣೆಯ ಲೆಕ್ಕ. ಮರಿಹುಳುವಿಗೆ ಹೊಡೆದ ಸಾಮಾನ್ಯ ಕೀಟನಾಶಕ ಸುಳಿಯೊಳಗಿನ ಹುಳುವಿಗೆ ತಲುಪುವ ಮೊದಲು ಎಲೆಯ ಮೇಲೆ ಓಡಾಡುವ ಕಣಜಕ್ಕೆ ತಲುಪುತ್ತದೆ. ಹುಳುವಿನ ಸಂತತಿ ಬೇಗ ಚೇತರಿಸಿಕೊಳ್ಳುತ್ತದೆ, ಕಣಜದ್ದು ನಿಧಾನ, ಏಕೆಂದರೆ ಕಣಜ ಹೆಚ್ಚಬೇಕಾದರೆ ಮೊದಲು ಹುಳು ಹೆಚ್ಚಿರಬೇಕು. ಸಂಸ್ಥೆಗಳ ಶಿಫಾರಸಿನಲ್ಲಿ ಇದಕ್ಕೊಂದು ಮಿತಿ ಹಾಕಿದ್ದಾರೆ: ಎಳೆ ಪೈರಿನಲ್ಲಿ ನೂರಕ್ಕೆ ಐದು ಗಿಡ, ಸುಳಿ ಬಲಿಯುವ ಹೊತ್ತಿಗೆ ನೂರಕ್ಕೆ ಹತ್ತು ಗಿಡ ಬಾಧೆಗೆ ಸಿಕ್ಕಿದ್ದರೆ ಮಾತ್ರ ಔಷಧದ ಯೋಚನೆ. ಎಳೆಯ ಹಂತದಲ್ಲಿ ಶೇ 5ರ ಬೇವಿನ ಬೀಜದ ಕಷಾಯ ಸಾಕು. ಹುಳು ಬಲಿತು ಸುಳಿ ಸೇರಿದ ಮೇಲೆ ವಿಷದ ತಿಂಡಿ ಕೆಲಸಕ್ಕೆ ಬರುತ್ತದೆ: 10 ಕಿಲೊ ಅಕ್ಕಿ ತೌಡು, 2 ಕಿಲೊ ಬೆಲ್ಲ, ಸ್ವಲ್ಪ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಮಾತ್ರ ಹಾಕುವುದು. ಬೆರೆಸುವಾಗ ಕೈಗವಸು ಬೇಕು, ದನಕರು ಹತ್ತಿರ ಬರಬಾರದು. ವಿಷವೇ ಆದರೂ ಅದು ಹುಳುವಿನ ಬಾಯಿಗೆ ಹೋಗುತ್ತದೆ, ಎಲೆಯ ಮೇಲೆ ಹರಡುವುದಿಲ್ಲ.

ಎರಡನೆಯದು ಕಣಜದ ಊಟ. ಮರಿಯಾಗಿದ್ದಾಗ ಹುಳು ತಿನ್ನುವ ಕಣಜ ಬೆಳೆದ ಮೇಲೆ ಬದುಕುವುದು ಹೂವಿನ ಮಕರಂದದ ಮೇಲೆ. ಮಕರಂದ ಸಿಕ್ಕರೆ ವಾರಗಟ್ಟಲೆ ಬದುಕಿ ಮೊಟ್ಟೆ ಇಡುತ್ತದೆ, ಸಿಗದಿದ್ದರೆ ಕೆಲವೇ ದಿನ. ಈ ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವ ಪದ್ಧತಿ ಇದ್ದದ್ದು ಎಣ್ಣೆ, ಬೇಳೆ, ಮೇವಿಗಾಗಿ. ಹುಚ್ಚೆಳ್ಳು, ಸಾಸಿವೆ, ಅವರೆ, ಅಲಸಂದೆ, ತೊಗರಿ ಎಲ್ಲವೂ ಹೊಲದ ನಡುವೆ ಹೂಬಿಡುತ್ತಿದ್ದವು. ಮುಸುಕಿನ ಜೋಳ ಬಂದಮೇಲೆ ಹೊಲವೆಲ್ಲ ಒಂದೇ ಬೆಳೆಯಾಯಿತು, ಅಕ್ಕಡಿ ಹೋಯಿತು, ಕಳೆನಾಶಕ ಬಂದು ಬದುವಿನ ಹೂಗಿಡಗಳೂ ಹೋದವು. ಸೈನಿಕ ಹುಳುವಿನ ಕುರಿತ ಸರ್ಕಾರಿ ಸಲಹೆಗಳಲ್ಲಿ ಈಗ ಜೋಳದ ನಡುವೆ ದ್ವಿದಳ ಧಾನ್ಯದ ಸಾಲು, ಹೊಲದ ಸುತ್ತ ಮೂರು ನಾಲ್ಕು ಸಾಲು ನೇಪಿಯರ್ ಹುಲ್ಲು ಹಾಕುವ ಮಾತು ಇದೆ. ಮೊದಲನೆಯದು ಅಕ್ಕಡಿಯೇ, ಹೆಸರು ಬದಲಾಗಿದೆ. ಎರಡನೆಯದು ಪತಂಗವನ್ನು ಹುಲ್ಲಿನತ್ತ ಸೆಳೆಯಲು. ಹಸು ಸಾಕುವ ಮನೆಗೆ ಮೇವೂ ಆಯಿತು.

ಕೊನೆಯದಾಗಿ ಬೇಸಿಗೆ. ಮಳೆಯಾಶ್ರಿತ ಜೋಳ ಕಟಾವಾದ ಮೇಲೆ ಹುಳುವಿಗೂ ಮೇವಿಲ್ಲ, ಕಣಜಕ್ಕೂ ಹುಳುವಿಲ್ಲ. ಆದರೆ ಹೊಳೆನರಸೀಪುರದ ಕಡೆ ನಾಲೆಯ ನೀರಿನಲ್ಲೋ ಕೊಳವೆಬಾವಿಯಲ್ಲೋ ಬೇಸಿಗೆ ಜೋಳ, ಮೇವಿನ ಜೋಳ ಬೆಳೆದಲ್ಲಿ ಎರಡೂ ಉಳಿದುಕೊಂಡು, ಮೇ–ಜೂನ್‌ನಲ್ಲಿ ಸುತ್ತಲಿನ ಹೊಸ ಬಿತ್ತನೆಗೆ ಹರಡಬಲ್ಲವು. ರಾತ್ರಿಯೊಂದರಲ್ಲಿ ನೂರು ಕಿಲೊಮೀಟರ್‌ವರೆಗೂ ಹಾರಬಲ್ಲ ಪತಂಗಕ್ಕೆ ಆ ಉಳಿಕೆ ಅಷ್ಟೇನೂ ಅಗತ್ಯವಲ್ಲ, ಅದು ಎಲ್ಲಿಂದಾದರೂ ಬಂದೀತು. ಅಷ್ಟು ದೂರ ಹಾರಲಾರದ ಕಣಜಕ್ಕೆ ಅಗತ್ಯ. ದನದ ಮೇವಿಗೆ ಬೆಳೆದ ಬೇಸಿಗೆ ಜೋಳದಲ್ಲಿ ಎಲೆ ಅಲ್ಲಲ್ಲಿ ತೂತಾದರೆ ಹಾಲಿಗೆ ನಷ್ಟವಿಲ್ಲ. ಅಲ್ಲಿ ಔಷಧ ಹೊಡೆಯದೆ ಬಿಟ್ಟರೆ ಮುಂಗಾರಿನ ಮೊದಲ ಹುಳುವಿಗೆ ಅಲ್ಲೇ ಬೆಳೆದ ಕಣಜಗಳು ಎದುರಾಗುತ್ತವೆ.